ಬಾರ್ನಿ ಓಲ್ಡ್‌ಫೀಲ್ಡ್ ದೊಡ್ಡ ಚಾಲಕನೋ, ದೊಡ್ಡ ಪ್ರಚಾರವೋ?

ಮೂರನೇಗೇರು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೋಟಾರು ಓಟದ ಆರಂಭದ ದಿನಗಳ ಬಗ್ಗೆ ಏನನ್ನೇ ಓದಲು ಕೂತರೂ ಎರಡನೆಯ ಪುಟದೊಳಗೆ ಬಾರ್ನಿ ಓಲ್ಡ್‌ಫೀಲ್ಡ್ ಬಂದೇ ಬರುತ್ತಾನೆ. 1878ರ ಜನವರಿಯಲ್ಲಿ ಒಹಾಯೊ ರಾಜ್ಯದ ವಾಸಿಯಾನ್ ಬಳಿಯ ಹಳ್ಳಿಗಾಡಿನಲ್ಲಿ ಹುಟ್ಟಿ, ಟೊಲಿಡೊ ನಗರದಲ್ಲಿ ಬೆಳೆದು, ಸೈಕಲ್ ಓಟಗಾರನಾಗಿ ಹೆಸರು ಮಾಡಿ, 1902ರಲ್ಲಿ ಕಾರಿನ ಓಟಕ್ಕೆ ಇಳಿದವನು. ವೇಗವಾಗಿ ಹೋಗುವವರನ್ನು ತಡೆದ ಪೊಲೀಸರು ‘ನೀನೇನು ಬಾರ್ನಿ ಓಲ್ಡ್‌ಫೀಲ್ಡ್ ಅಂದುಕೊಂಡೆಯಾ?’ ಎಂದು ಗದರುವುದು ಅಲ್ಲಿ ರೂಢಿಯೇ ಆಗಿಬಿಟ್ಟಿತ್ತಂತೆ.

ನನ್ನ ತಕರಾರು ಇರುವುದು ಇಲ್ಲಿಯೇ. ಆತ ಗೆದ್ದದ್ದಾದರೂ ಏನು? ಇಂಡಿಯಾನಾಪೊಲಿಸ್ 500 ಎಂಬ 500 ಮೈಲಿಯ ಹೆಸರಾಂತ ಓಟದಲ್ಲಿ ಎರಡು ಬಾರಿ ಓಡಿದ, 1914ರಲ್ಲಿಯೂ 1916ರಲ್ಲಿಯೂ ಐದನೆಯವನಾಗಿ ಬಂದ. ಆ ಕಾಲದ ಇನ್ನೊಂದು ದೊಡ್ಡ ಓಟವಾದ ವ್ಯಾಂಡರ್‌ಬಿಲ್ಟ್ ಕಪ್ ಒಮ್ಮೆಯೂ ಕೈಗೆ ಬರಲಿಲ್ಲ. ರಾಷ್ಟ್ರೀಯ ಚಾಂಪಿಯನ್ ಪಟ್ಟವೂ ಸಿಗಲಿಲ್ಲ. ಇವೆಲ್ಲವನ್ನೂ ಗೆದ್ದ ರಾಲ್ಫ್ ಡಿ ಪಾಲ್ಮಾನ ಹೆಸರು ಓಟದ ಹುಚ್ಚಿರುವ ನಮ್ಮಂಥವರಿಗೆ ಮಾತ್ರ ಗೊತ್ತು. ಹಾಗಾದರೆ ಓಲ್ಡ್‌ಫೀಲ್ಡ್‌ನ ಕೀರ್ತಿಗೆ ಆಧಾರವೇನು? ಬಲ್ಲವರು ವಿವರಿಸಬೇಕು.

ಹಳೆಬಂಡಿ:
ನಿಮ್ಮ ಅಳತೆಗೋಲೇ ತಪ್ಪು ಸ್ವಾಮಿ. ಇಂಡಿಯಾನಾಪೊಲಿಸ್ 500 ಶುರುವಾದದ್ದೇ 1911ರಲ್ಲಿ. ಅಷ್ಟರಲ್ಲಿ ಓಲ್ಡ್‌ಫೀಲ್ಡ್ ಈ ವೃತ್ತಿಗೆ ಬಂದು ಒಂಬತ್ತು ವರ್ಷಗಳಾಗಿದ್ದವು. ಆತನ ಅತ್ಯುತ್ತಮ ದಿನಗಳು ಆಗಲೇ ಕಳೆದಿದ್ದವು ಎಂದರೂ ನಡೆಯುತ್ತದೆ. ಆತನನ್ನು ಅಳೆಯಬೇಕಾದದ್ದು 1902ರಿಂದ 1910ರವರೆಗಿನ ಅವಧಿಯಲ್ಲಿ, ಅಂದರೆ ಅಮೆರಿಕದಲ್ಲಿ ಕಾರು ಓಡಿಸಲು ಸರಿಯಾದ ಟ್ರ್ಯಾಕುಗಳೇ ಇಲ್ಲದೆ ಕುದುರೆ ಓಟದ ಮಣ್ಣಿನ ಮೈದಾನಗಳಲ್ಲಿ ಎಲ್ಲವೂ ನಡೆಯುತ್ತಿದ್ದ ಕಾಲದಲ್ಲಿ.

1902ರ ಅಕ್ಟೋಬರ್ 25ರಂದು ಡೆಟ್ರಾಯಿಟ್ ಪಕ್ಕದ ಗ್ರಾಸ್ ಪಾಯಿಂಟ್ ಮೈದಾನದಲ್ಲಿ ಐದು ಮೈಲಿಯ ಓಟವೊಂದು ನಡೆಯಿತು. ಹೆನ್ರಿ ಫೋರ್ಡ್ ಮತ್ತು ಸೈಕಲ್ ಚಾಂಪಿಯನ್ ಟಾಮ್ ಕೂಪರ್ ಸೇರಿ ಕಟ್ಟಿದ್ದ ‘999’ ಎಂಬ ಕಾರನ್ನು ಓಡಿಸಿದವನು ಓಲ್ಡ್‌ಫೀಲ್ಡ್. ಎದುರಿಗೆ ಇದ್ದವರಲ್ಲಿ ಕ್ಲೀವ್‌ಲ್ಯಾಂಡಿನ ಕಾರು ತಯಾರಕ ಅಲೆಕ್ಸಾಂಡರ್ ವಿಂಟನ್, ಆ ದಿನಗಳಲ್ಲಿ ದೇಶದ ಅತಿ ದೊಡ್ಡ ಹೆಸರು. ಅದಕ್ಕೆ ಕೆಲವೇ ದಿನಗಳ ಹಿಂದೆ ಆ ಕಾರಿನ ಪರಿಚಯವೂ ಓಲ್ಡ್‌ಫೀಲ್ಡ್‌ಗೆ ಇರಲಿಲ್ಲ. ವಿಂಟನ್ನನ ಎಂಜಿನ್ ಕೈಕೊಟ್ಟಿತು, ಈತ 5 ನಿಮಿಷ 28 ಸೆಕೆಂಡಿನಲ್ಲಿ ಮುಗಿಸಿ ಅಮೆರಿಕದ ದಾಖಲೆ ಬರೆದ. ಮರುವರ್ಷ, 1903ರ ಜೂನ್ 20ರಂದು, ಇಂಡಿಯಾನಾಪೊಲಿಸ್ ಜಾತ್ರೆ ಮೈದಾನದ ಒಂದು ಮೈಲಿಯ ಸುತ್ತನ್ನು 59.6 ಸೆಕೆಂಡಿನಲ್ಲಿ ಮುಗಿಸಿದ. ವೃತ್ತಾಕಾರದ ಟ್ರ್ಯಾಕಿನಲ್ಲಿ ನಿಮಿಷಕ್ಕೊಂದು ಮೈಲಿ ಎಂಬ ಗಡಿಯನ್ನು ಅದಕ್ಕೂ ಮೊದಲು ಅಮೆರಿಕದಲ್ಲಿ ಯಾರೂ ದಾಟಿರಲಿಲ್ಲ. ಮುಂದಿನ ಕೆಲವೇ ವಾರಗಳಲ್ಲಿ ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಅದನ್ನೇ 55.8 ಸೆಕೆಂಡಿಗೆ ಇಳಿಸಿದ. ಇದನ್ನು ಪ್ರಚಾರ ಎನ್ನುವುದಾದರೆ ಗಡಿಯಾರವೂ ಪ್ರಚಾರಕನೇ.

ಒಂದೇಮಾತು:
ವಿಂಟನ್ನನ ಎಂಜಿನ್ ಕೈಕೊಡದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಹಳೆಬಂಡಿ:
@ಒಂದೇಮಾತು, ಎದುರಾಳಿಯ ಎಂಜಿನ್ ನಿಂತರೂ ದಾಖಲೆಯ ಸಮಯವನ್ನು ತಾನೇ ಓಡಿಸಿ ಪಡೆಯಬೇಕಲ್ಲವೇ?

ಡಿಯರ್‌ಬಾರ್ನ್‌ವಾಸಿ:
ಆ 999 ಈಗ ನಾನಿರುವ ಊರಿನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿದೆ. ಬಂಧುಗಳು ಊರಿನಿಂದ ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಪ್ರತಿಯೊಬ್ಬರೂ ಮೊದಲು ಕೇಳುವುದು ‘ಇದಕ್ಕೆ ಮೈ ಎಲ್ಲಿ?’ ಎಂದೇ. ನಿಜವಾಗಿ ಮೈಯೇ ಇಲ್ಲ. ಮರದ ತೊಲೆಗಳ ಚೌಕಟ್ಟಿನ ಮೇಲೆ ನಾಲ್ಕು ಸಿಲಿಂಡರುಗಳ ಭಾರಿ ಎಂಜಿನ್ ಬತ್ತಲೆಯಾಗಿ ಕೂತಿದೆ. ಒಂದೊಂದು ಸಿಲಿಂಡರಿನ ಒಳ ಅಗಲ ಏಳೂಕಾಲು ಅಂಗುಲ, ಒಟ್ಟು ಗಾತ್ರ ಸುಮಾರು 18.9 ಲೀಟರ್. ನಮ್ಮ ಊರಿನ ಸಣ್ಣ ಕಾರುಗಳ ಎಂಜಿನ್‌ಗಳನ್ನು ಹದಿನೈದರ ಮೇಲೆ ಕೂಡಿಸಿದರೆ ಅಷ್ಟಾಗುತ್ತದೆ. ಎಂಜಿನ್‌ಗೆ ಮುಚ್ಚಳವಿಲ್ಲದ ಕಾರಣ ತಿರುಗುವ ದಂಡ ಎಣ್ಣೆಯನ್ನು ನೇರವಾಗಿ ಚಾಲಕನ ಮುಖಕ್ಕೇ ಎರಚುತ್ತಿತ್ತು. ಎಂಜಿನ್ನಿನ ಹಿಂದೆ ಒಂದೇ ಒಂದು ಆಸನ, ಸ್ಟೀರಿಂಗ್ ಚಕ್ರದ ಜಾಗದಲ್ಲಿ ಎರಡು ಕೈಗಳಿಂದ ಹಿಡಿಯುವ ಅಡ್ಡ ಹಿಡಿಕೆ. ಸ್ಪ್ರಿಂಗ್‌ಗಳ ಸುಖವನ್ನು ಕೇಳಲೇಬೇಡಿ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಹೆಸರಾಂತ ಉಗಿಬಂಡಿಯ ಸಂಖ್ಯೆಯನ್ನು ಈ ಕಾರಿಗೆ ಹೆಸರಾಗಿ ಇಟ್ಟರು.

ಇದನ್ನು ನೋಡಿದ ಮೇಲೂ ಓಲ್ಡ್‌ಫೀಲ್ಡ್‌ನನ್ನು ಬರಿಯ ಪ್ರಚಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಫೋರ್ಡ್‌ಗೂ ಕೂಪರ್‌ಗೂ ಇದನ್ನು ಪೂರ್ತಿ ವೇಗದಲ್ಲಿ ಓಡಿಸುವ ಧೈರ್ಯ ಬಾರದೆ ಮೂರನೆಯವನನ್ನು ಹುಡುಕಿದರು ಎಂಬುದನ್ನು ಮರೆಯಬಾರದು.

ಗ್ಯಾರೇಜಣ್ಣ:
ತಾಂತ್ರಿಕವಾಗಿ ಒಂದು ಮಾತು ಸೇರಿಸುತ್ತೇನೆ. ಆ ಕಾರಿನ ಹಿಂದಿನ ಅಚ್ಚಿಗೆ ಡಿಫರೆನ್ಷಿಯಲ್ ಇರಲಿಲ್ಲ. ಡಿಫರೆನ್ಷಿಯಲ್ ಇಲ್ಲದ ಬಂಡಿ ತಿರುವಿನಲ್ಲಿ ಸಲೀಸಾಗಿ ತಿರುಗುವುದಿಲ್ಲ, ಏಕೆಂದರೆ ಹೊರಗಿನ ಚಕ್ರವೂ ಒಳಗಿನ ಚಕ್ರವೂ ಒಂದೇ ವೇಗದಲ್ಲಿ ಸುತ್ತಬೇಕಾಗುತ್ತದೆ; ಒಂದೋ ವೇಗ ತಗ್ಗಿಸಬೇಕು, ಇಲ್ಲವೇ ಹಿಂಭಾಗವನ್ನು ಬೇಕೆಂದೇ ಜಾರಿಸಿಕೊಂಡು ಹೋಗಬೇಕು. ಮಿಕ್ಕವರು ಮೊದಲನೆಯದನ್ನು ಮಾಡಿದರು, ಓಲ್ಡ್‌ಫೀಲ್ಡ್ ಎರಡನೆಯದನ್ನು ಮಾಡಿದ. ಸಡಿಲ ಮಣ್ಣಿನ ಮೇಲೆ ಥ್ರಾಟಲ್ ಬಿಡದೆ ಕಾರನ್ನು ಅಡ್ಡಡ್ಡವಾಗಿ ಜಾರಿಸುವ ವಿದ್ಯೆ ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ಈಗಲೂ ಬದುಕಿದೆ. ಸೈಕಲ್ ಓಟದಿಂದ ಬಂದ ಸಮತೋಲನದ ಅಂದಾಜು ಆತನಿಗೆ ನೆರವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಅಡ್ಡ ಹಿಡಿಕೆಯಂತೂ ಸೈಕಲ್ ಹ್ಯಾಂಡಲ್ಲಿಗೆ ಒಗ್ಗಿದ ಕೈಗೆ ಹೊಸದೇನೂ ಅಲ್ಲ.

ಬಾಯಲ್ಲಿ ಕಚ್ಚಿಕೊಂಡಿರುತ್ತಿದ್ದ ಚುಟ್ಟದ ಬಗ್ಗೆ ಯಾರೂ ಬರೆಯಲಿಲ್ಲ. ಅದು ಬರಿಯ ಶೋಕಿ ಅಲ್ಲ. ಗುಂಡಿಗಳಲ್ಲಿ ಕಾರು ಎಗರುವಾಗ ಹಲ್ಲಿಗೆ ಹಲ್ಲು ಬಡಿದು ಮುರಿಯದಿರಲಿ ಎಂದು ಹಚ್ಚದ ಚುಟ್ಟವನ್ನು ನಡುವೆ ಇಟ್ಟುಕೊಳ್ಳುತ್ತಿದ್ದ.

ಇತಿಹಾಸಪ್ರಿಯೆ:
ಎಲ್ಲರೂ ದಾಖಲೆಗಳನ್ನು ಹಾಡಿ ಹೊಗಳುತ್ತಿದ್ದೀರಿ, ಆದ್ದರಿಂದ ಇನ್ನೊಂದು ಬದಿಯನ್ನು ನಾನು ಹೇಳಲೇಬೇಕು.

1904ರಿಂದ ಪೀರ್‌ಲೆಸ್ ಕಂಪನಿಯ ‘ಗ್ರೀನ್ ಡ್ರ್ಯಾಗನ್’ ಎಂಬ ಹಸಿರು ಕಾರಿನೊಂದಿಗೆ ಆತ ಊರೂರು ಸುತ್ತತೊಡಗಿದ. ಮುಂದೆ ವಿಲ್ ಪಿಕನ್ಸ್ ಎಂಬ ಪ್ರಚಾರ ವ್ಯವಸ್ಥಾಪಕ ಜೊತೆಯಾದ. ಜಾತ್ರೆ ನಡೆಯುವ ಊರಿಗೆ ಮೊದಲು ಭಿತ್ತಿಪತ್ರ ಹೋಗುತ್ತಿತ್ತು, ಆಮೇಲೆ ಕಾರುಗಳೂ ಎದುರಾಳಿಗಳೂ ಒಟ್ಟಿಗೇ ರೈಲಿನಲ್ಲಿ ಬರುತ್ತಿದ್ದರು. ಎದುರಾಳಿಗಳು ಎಂದರೆ ಅದೇ ತಂಡದ ಸಂಬಳದ ಆಳುಗಳು! ಪಂದ್ಯ ಮೂರು ಓಟಗಳದ್ದು. ಮೊದಲನೆಯದನ್ನು ಓಲ್ಡ್‌ಫೀಲ್ಡ್ ಕೂದಲೆಳೆಯಲ್ಲಿ ಗೆಲ್ಲಬೇಕು, ಎರಡನೆಯದನ್ನು ಕೂದಲೆಳೆಯಲ್ಲಿ ಸೋಲಬೇಕು, ಮೂರನೆಯದನ್ನು ಕೊನೆಯ ತಿರುವಿನಲ್ಲಿ ಕಿತ್ತುಕೊಳ್ಳಬೇಕು. ಓಟಕ್ಕೆ ಮುಂಚೆ ಚುಟ್ಟವನ್ನು ಬಾಯಿಂದ ತೆಗೆದು ‘ನಾನು ಯಾರೆಂದು ನಿಮಗೆ ಗೊತ್ತೇ ಇದೆ, ಬಾರ್ನಿ ಓಲ್ಡ್‌ಫೀಲ್ಡ್’ ಎಂದು ಜನರ ಕಡೆ ಕೂಗುವುದೂ ಕಾರ್ಯಕ್ರಮದ ಭಾಗ. ದುಡ್ಡು ಕೊಟ್ಟು ಬಂದವರ ಕಣ್ಣಿಗೆ ಅಕ್ಷರಶಃ ಮಣ್ಣೆರಚಿ ಮುಂದಿನ ಊರಿಗೆ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 1904ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಆತನ ಕಾರು ಬೇಲಿ ಮುರಿದುಕೊಂಡು ಹೋಗಿ ಇಬ್ಬರು ಪ್ರಾಣ ಕಳೆದುಕೊಂಡರು. ಕುದುರೆಗಳಿಗಾಗಿ ನೆಟ್ಟ ಮರದ ಬೇಲಿ ಟನ್ನುಗಟ್ಟಲೆ ಭಾರದ ಕಾರನ್ನು ತಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೂ ಪ್ರೇಕ್ಷಕರನ್ನು ಬೇಲಿಗೆ ಅಂಟಿಕೊಂಡೇ ನಿಲ್ಲಿಸುತ್ತಿದ್ದರು. ‘ಶೂರ’ನ ಕಥೆ ಹೇಳುವಾಗ ಆ ಇಬ್ಬರ ವಿಷಯವನ್ನೂ ಹೇಳುವುದು ನ್ಯಾಯ.

ಮಲೆನಾಡಿಗ:
ಅಕ್ಕ, ನೀವು ಹೇಳಿದ ಸಾವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೊದಲೇ ಗೊತ್ತುಮಾಡಿಕೊಂಡ ಪಂದ್ಯಗಳನ್ನು ಮೋಸ ಎನ್ನುವ ಮೊದಲು ಸ್ವಲ್ಪ ಯೋಚಿಸಿ. ನಮ್ಮ ಕಡೆ ಕಂಪನಿ ನಾಟಕದವರು ಊರಿಗೆ ಕ್ಯಾಂಪು ಹಾಕಿದಾಗ ಕೊನೆಯ ದೃಶ್ಯದಲ್ಲಿ ಖಳನಾಯಕ ಸಾಯುತ್ತಾನೆ ಎಂಬುದು ಟಿಕೆಟ್ ಕೊಳ್ಳುವ ಮೊದಲೇ ಎಲ್ಲರಿಗೂ ಗೊತ್ತಿರುತ್ತಿತ್ತು. ಹಾಗೆಂದು ಯಾರೂ ದುಡ್ಡು ವಾಪಸು ಕೇಳಲಿಲ್ಲ. ನೆಬ್ರಾಸ್ಕದ ಯಾವುದೋ ಮೂಲೆಯ ರೈತ ಗಂಟೆಗೆ ಅರವತ್ತು ಮೈಲಿ ಓಡುವ ಯಂತ್ರವನ್ನು ಜೀವನದಲ್ಲಿ ಮೊದಲ ಬಾರಿಗೆ ನೋಡಲು ಬರುತ್ತಿದ್ದ. ಯಾರು ಗೆದ್ದರು ಎಂಬುದು ಅವನಿಗೆ ಎರಡನೆಯ ಮಾತು.

ಇತಿಹಾಸಪ್ರಿಯೆ:
ನಾಟಕದವರು ನಾಟಕ ಎಂದೇ ಹೇಳಿ ಟಿಕೆಟ್ ಮಾರುತ್ತಾರೆ ಸರ್. ಇವರು ಓಟ ಎಂದು ಹೇಳಿ ಮಾರಿದರು. ವ್ಯತ್ಯಾಸ ಇರುವುದು ಅಲ್ಲೇ.

ಒಂದೇಮಾತು:
ಅಕ್ಕನ ಮಾತಿಗೆ ನನ್ನದೊಂದು ಓಟು. ಈ ಓಟಿನಲ್ಲಿ ಮೋಸವಿಲ್ಲ.

ಮೂರನೇಗೇರು:
ನಾನು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು, ಧನ್ಯವಾದಗಳು. ಆದರೂ ಪ್ರಶ್ನೆ ಉಳಿದೇ ಇದೆ. ಒಂಟಿಯಾಗಿ ಗಡಿಯಾರದ ವಿರುದ್ಧ ಓಡಿಸುವುದು ಬೇರೆ, ಹತ್ತಾರು ಕಾರುಗಳ ನಡುವೆ ಗಂಟೆಗಟ್ಟಲೆ ಓಡಿಸಿ ಗೆಲ್ಲುವುದು ಬೇರೆ. ಮೊದಲನೆಯದರಲ್ಲಿ ಆತ ಗಟ್ಟಿಗ ಎಂಬುದನ್ನು ಒಪ್ಪೋಣ. ಎರಡನೆಯದಕ್ಕೆ ಸಾಕ್ಷಿ ಕೊಡಿ.

ಹಳೆಬಂಡಿ:
ಕೊಡುತ್ತೇನೆ, ಆದರೆ ಅದಕ್ಕೂ ಮೊದಲು ಗಡಿಯಾರದ ಲೆಕ್ಕವನ್ನು ಮುಗಿಸಿಬಿಡೋಣ. 1910ರ ಮಾರ್ಚ್ 16ರಂದು ಫ್ಲಾರಿಡಾದ ಡೇಟೋನಾ ಕಡಲತೀರದ ಗಟ್ಟಿ ಮರಳಿನ ಮೇಲೆ ‘ಬ್ಲಿಟ್ಜನ್ ಬೆಂಜ್’ ಕಾರಿನಲ್ಲಿ ಆತ ಗಂಟೆಗೆ 131.7 ಮೈಲಿ, ಅಂದರೆ ಸುಮಾರು 212 ಕಿಲೋಮೀಟರ್ ವೇಗ ಮುಟ್ಟಿದ. 21.5 ಲೀಟರಿನ, 200 ಅಶ್ವಶಕ್ತಿಯ ಜರ್ಮನ್ ಕಾರು ಅದು. 1906ರಲ್ಲಿ ಅದೇ ತೀರದಲ್ಲಿ ಫ್ರೆಡ್ ಮ್ಯಾರಿಯಟ್ ಸ್ಟ್ಯಾನ್ಲಿ ಕಂಪನಿಯ ಉಗಿ ಕಾರಿನಲ್ಲಿ ಮಾಡಿದ್ದ 127.66 ಮೈಲಿಯ ದಾಖಲೆ ಹೀಗೆ ಮುರಿಯಿತು. ವಿಶ್ವದಾಖಲೆ!

ಗ್ಯಾರೇಜಣ್ಣ:
‘ವಿಶ್ವದಾಖಲೆ’ ಎನ್ನುವಲ್ಲಿ ಒಂದು ತಿದ್ದುಪಡಿ ಬೇಕು. ಓಲ್ಡ್‌ಫೀಲ್ಡ್ ಓಡಿದ್ದು ಒಂದೇ ದಿಕ್ಕಿನಲ್ಲಿ. ಗಾಳಿ ಬೆನ್ನಿಗಿದ್ದರೆ ವೇಗ ಹೆಚ್ಚುವುದರಿಂದ ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕು ಎಂಬ ನಿಯಮ ಅಂತರರಾಷ್ಟ್ರೀಯ ಮಟ್ಟದಲ್ಲಿ ಅದಾದ ಮೇಲೆ ಬಂತು. ಹಾಗಾಗಿ ಕೆಲವು ಪಟ್ಟಿಗಳಲ್ಲಿ ಈ ಓಟ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಮರುವರ್ಷ ಇದೇ ಕಾರಿನಲ್ಲಿ ಇದೇ ತೀರದಲ್ಲಿ ಬಾಬ್ ಬರ್ಮನ್ 141.7 ಮೈಲಿ ಮುಟ್ಟಿದ. ಅದರ ಪಾಡೂ ಇಷ್ಟೇ. ಇನ್ನು ಕಾರಿನ ಶ್ರೇಯಸ್ಸನ್ನು ಕಾರಿಗೆ ಕೊಡಬೇಕು: 1909ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವಿಕ್ಟರ್ ಹೆಮರಿ ಇದೇ ಮಾದರಿಯ ಬೆಂಜ್‌ನಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟಿಸಿ ತೋರಿಸಿದ್ದ.

ಇತಿಹಾಸಪ್ರಿಯೆ:
1910ರ ಮಾತು ಬಂದಾಗ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಬಿಡುವಂತಿಲ್ಲ. ಹೆವಿವೇಟ್ ಬಾಕ್ಸಿಂಗ್‌ನ ಮೊದಲ ಕಪ್ಪುವರ್ಣೀಯ ವಿಶ್ವ ಚಾಂಪಿಯನ್ ಜಾಕ್ ಜಾನ್ಸನ್ ಆ ವರ್ಷದ ಜುಲೈ 4ರಂದು ರೀನೊ ನಗರದಲ್ಲಿ ಜಿಮ್ ಜೆಫ್ರೀಸ್‌ನನ್ನು ಸೋಲಿಸಿದ್ದ. ಆ ಗೆಲುವನ್ನು ಸಹಿಸದ ಬಿಳಿಯರಿಂದ ಹಲವು ಊರುಗಳಲ್ಲಿ ಗಲಭೆಗಳಾಗಿದ್ದವು. ವೇಗದ ಕಾರುಗಳ ಹುಚ್ಚಿದ್ದ ಜಾನ್ಸನ್ ಜೊತೆ ಓಲ್ಡ್‌ಫೀಲ್ಡ್ ಪಂದ್ಯ ಗೊತ್ತುಮಾಡಿಕೊಂಡ. ಓಟಗಳ ನಿಯಂತ್ರಣ ಹೊಂದಿದ್ದ ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಈ ಪಂದ್ಯಕ್ಕೆ ಒಪ್ಪಿಗೆ ಕೊಡಲಿಲ್ಲ. ಆದರೂ ಬ್ರೂಕ್‌ಲಿನ್‌ನ ಶೀಪ್ಸ್‌ಹೆಡ್ ಬೇ ಮೈದಾನದಲ್ಲಿ ಅಕ್ಟೋಬರ್ 25ರಂದು ಓಟ ನಡೆಯಿತು, ಸಿನಿಮಾ ಕ್ಯಾಮೆರಾಗಳೂ ಬಂದಿದ್ದವು. ಓಲ್ಡ್‌ಫೀಲ್ಡ್ ಸುಲಭವಾಗಿ ಗೆದ್ದ. ಸಂಘ ಆತನನ್ನು ಅಮಾನತು ಮಾಡಿತು. 1911ರ ಮೊದಲ ಇಂಡಿಯಾನಾಪೊಲಿಸ್ 500ರಲ್ಲಿ ದೇಶದ ಅತಿ ಪ್ರಸಿದ್ಧ ಚಾಲಕ ಸ್ಪರ್ಧಿಸಲಾಗದೆ ಹೋದದ್ದು ಹೀಗೆ.

ಮಲೆನಾಡಿಗ:
ಈ ಪ್ರಸಂಗದಲ್ಲಿ ಓಲ್ಡ್‌ಫೀಲ್ಡ್‌ನನ್ನು ಮೆಚ್ಚಲೇಬೇಕು. ಸಂಘದ ವರ್ಣಭೇದಕ್ಕೆ ಸೊಪ್ಪು ಹಾಕದೆ ಕಪ್ಪುವರ್ಣೀಯನ ಜೊತೆ ಓಡಿದ, ಶಿಕ್ಷೆಯನ್ನೂ ಅನುಭವಿಸಿದ.

ಇತಿಹಾಸಪ್ರಿಯೆ:
ದಯವಿಟ್ಟು ಅಷ್ಟು ಬೇಗ ಹಾರ ಹಾಕಬೇಡಿ. ಜೆಫ್ರೀಸ್ ಸೋತ ಮೇಲೆ ಜಾನ್ಸನ್‌ನ ಸೊಕ್ಕು ಮುರಿಯುವ ಬಿಳಿಯನೊಬ್ಬ ಬೇಕು ಎಂಬ ಹಂಬಲ ಅಲ್ಲಿನ ಬಿಳಿಯರಲ್ಲಿ ಹಬ್ಬಿತ್ತು, ಟಿಕೆಟ್‌ಗಳು ಮಾರಾಟವಾಗುವುದೂ ಸಿನಿಮಾ ಓಡುವುದೂ ಆ ಹಂಬಲದ ಮೇಲೆಯೇ. ಓಲ್ಡ್‌ಫೀಲ್ಡ್ ಮತ್ತು ಪಿಕನ್ಸ್ ವರ್ಣದ್ವೇಷವನ್ನು ಎದುರಿಸಲಿಲ್ಲ, ಅದರಿಂದ ದುಡ್ಡು ಮಾಡಲು ಹೊರಟರು. ಸಂಘ ಜಾನ್ಸನ್‌ಗೆ ಬಾಗಿಲು ಮುಚ್ಚಿದ್ದು ಬಣ್ಣಕ್ಕಾಗಿ, ಓಲ್ಡ್‌ಫೀಲ್ಡ್‌ನನ್ನು ದಂಡಿಸಿದ್ದು ಅಪ್ಪಣೆ ಮೀರಿದ್ದಕ್ಕಾಗಿ. ಒಬ್ಬನಿಗೆ ಆ ಬಾಗಿಲು ಮತ್ತೆ ತೆರೆಯಿತು, ಇನ್ನೊಬ್ಬನಿಗೆ ತೆರೆಯಲಿಲ್ಲ.

ಮಲೆನಾಡಿಗ:
ಉದ್ದೇಶ ಏನೇ ಇರಲಿ, ಆ ಕಾಲದಲ್ಲಿ ಒಂದೇ ಮೈದಾನಕ್ಕೆ ಇಳಿದದ್ದು ಸಣ್ಣ ಸಂಗತಿ ಅಲ್ಲ ಎಂಬ ನನ್ನ ಮಾತಿನಲ್ಲಿ ಬದಲಾವಣೆ ಇಲ್ಲ.

ನಿರ್ವಾಹಕ:
ಇಬ್ಬರ ನಿಲುವೂ ಓದುಗರಿಗೆ ಸ್ಪಷ್ಟವಾಗಿದೆ. ಮೂರನೇಗೇರು ಅವರ ಎರಡನೆಯ ಪ್ರಶ್ನೆಗೆ, ಅಂದರೆ ದೀರ್ಘ ಓಟಗಳ ವಿಚಾರಕ್ಕೆ, ಮರಳಬೇಕಾಗಿ ವಿನಂತಿ.

ಹಳೆಬಂಡಿ:
ಮರಳುತ್ತೇನೆ. 1914 ಎಂಬ ಒಂದೇ ವರ್ಷ ಸಾಕು. ಆಗ ಆತನಿಗೆ 36 ತುಂಬಿತ್ತು, ಪತ್ರಿಕೆಗಳು ಮುದುಕ ಎಂದು ಕರೆಯತೊಡಗಿದ್ದವು.

ಆ ವರ್ಷದ ಇಂಡಿಯಾನಾಪೊಲಿಸ್ ಫಲಿತಾಂಶವನ್ನು ಮೇಲಿನಿಂದ ಓದಿ. ಮೊದಲನೆಯವನು ಡೆಲಾಜ್ ಕಾರಿನ ರೆನೆ ತೋಮಾ, ಎರಡನೆಯವನು ಪೂಜೊ ಕಾರಿನ ಡ್ಯುರೇ, ಮೂರನೆಯವನು ಡೆಲಾಜ್‌ನ ಗೀಯೊ, ನಾಲ್ಕನೆಯವನು ಪೂಜೊದ ಗೂ. ನಾಲ್ಕೂ ಫ್ರೆಂಚ್ ಕಾರುಗಳು, ಯುರೋಪಿನಿಂದ ಬಂದ ಚಾಲಕರು. ಐದನೆಯವನು ಅಮೆರಿಕದ ಸ್ಟಟ್ಸ್ ಕಾರಿನಲ್ಲಿ ಓಲ್ಡ್‌ಫೀಲ್ಡ್. ಆ ದಿನ ಅಮೆರಿಕದವರಲ್ಲಿ ಆತನಿಗಿಂತ ಮುಂದೆ ಯಾರೂ ಇರಲಿಲ್ಲ. ‘ಐದನೆಯವನು’ ಎಂದು ನೀವು ಕೈಬೀಸಿ ಬಿಟ್ಟದ್ದು ಇದನ್ನೇ.

ಅದೇ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಿಂದ ಫೀನಿಕ್ಸ್‌ಗೆ ಮರುಭೂಮಿಯ ಮೇಲೆ ‘ಕ್ಯಾಕ್ಟಸ್ ಡರ್ಬಿ’ ಎಂಬ ಓಟ ನಡೆಯಿತು, 670 ಮೈಲಿಗೂ ಹೆಚ್ಚಿನ ದಾರಿ. ದಾರಿ ಎಂದರೆ ಮರಳು, ಬಂಡೆ, ಮಳೆಗೆ ಉಕ್ಕಿದ ಹಳ್ಳಗಳು. ಲೂಯಿ ಶೆವ್ರೊಲೆಯಂಥವರಿದ್ದ ಕಣದಲ್ಲಿ ಸ್ಟಟ್ಸ್ ಓಡಿಸಿ ಗೆದ್ದವನು ಓಲ್ಡ್‌ಫೀಲ್ಡ್. ‘ವಿಶ್ವದ ಮಹಾಚಾಲಕ’ ಎಂದು ಕೆತ್ತಿದ, ವಜ್ರ ಕೂರಿಸಿದ ಪದಕವನ್ನು ಅಲ್ಲಿಯೇ ಕೊಟ್ಟರು. 1915ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ನಡೆದ 300 ಮೈಲಿಯ ಬೀದಿ ಓಟವನ್ನು ಮ್ಯಾಕ್ಸ್‌ವೆಲ್ ಕಾರಿನಲ್ಲಿ ಗೆದ್ದ. ಸಾಕ್ಷಿ ಸಾಕೇ?

ಮೂರನೇಗೇರು:
ಫ್ರೆಂಚರ ವಿವರ ನನ್ನ ಗಮನಕ್ಕೆ ಬಂದಿರಲಿಲ್ಲ, ಆ ಐದನೆಯ ಸ್ಥಾನಕ್ಕೆ ಈಗ ಬೇರೆಯೇ ತೂಕ ಬಂತು. ಆದರೆ 1914ರಲ್ಲೇ ಸಾಂಟಾ ಮೋನಿಕಾದಲ್ಲಿ ಏನಾಯಿತು ಎಂಬುದನ್ನು ಹಳೆಬಂಡಿಯವರು ಜಾಣತನದಿಂದ ಬಿಟ್ಟಿದ್ದಾರೆ!

ಫೆಬ್ರವರಿಯ ವ್ಯಾಂಡರ್‌ಬಿಲ್ಟ್ ಕಪ್ ಓಟ ಅದು. ಡಿ ಪಾಲ್ಮಾ ಮರ್ಸರ್ ಕಂಪನಿಯ ತಂಡದ ನಾಯಕನಾಗಿದ್ದ. ಆತನಿಗೆ ತಿಳಿಸದೆ ಕಂಪನಿ ಓಲ್ಡ್‌ಫೀಲ್ಡ್‌ನನ್ನು ಸೇರಿಸಿಕೊಂಡಾಗ ಡಿ ಪಾಲ್ಮಾ ರಾಜೀನಾಮೆ ಕೊಟ್ಟು ಹೊರಬಂದು, ತನ್ನ ಹಳೆಯ ಮರ್ಸಿಡಿಸ್ ಕಾರನ್ನು ಓಟಕ್ಕೆ ಸಿದ್ಧ ಮಾಡಿದ. ಮರ್ಸರ್ ವೇಗದಲ್ಲಿ ಮೇಲು, ಆದರೆ ಓಲ್ಡ್‌ಫೀಲ್ಡ್ ತಿರುವುಗಳಲ್ಲಿ ಟೈರು ತಿನ್ನುವ ಚಾಲಕ. ಡಿ ಪಾಲ್ಮಾ ಟೈರನ್ನು ಮೃದುವಾಗಿ ಬಳಸುವವನು. ಕೊನೆಯ ಹಂತದಲ್ಲಿ ಡಿ ಪಾಲ್ಮಾ, ಓಲ್ಡ್‌ಫೀಲ್ಡ್‌ಗೆ ಕಾಣುವ ಹಾಗೆ, ಮುಂದಿನ ಸುತ್ತಿಗೆ ಒಳಗೆ ಬರುತ್ತೇನೆ ಎಂದು ತನ್ನ ಪಿಟ್ಟಿನವರಿಗೆ, ಅಂದರೆ ಟೈರು ಬದಲಿಸಲು ಟ್ರ್ಯಾಕಿನ ಬದಿಯಲ್ಲಿ ಕಾಯುವ ಸಹಾಯಕರಿಗೆ, ಕೈಸನ್ನೆ ಮಾಡಿದ. ಎದುರಾಳಿಯೂ ನಿಲ್ಲುತ್ತಾನೆ ಎಂದು ನಂಬಿ ಓಲ್ಡ್‌ಫೀಲ್ಡ್ ಟೈರು ಬದಲಿಸಲು ನಿಂತ. ಡಿ ಪಾಲ್ಮಾ ನಿಲ್ಲಲೇ ಇಲ್ಲ, ನೇರವಾಗಿ ಹೋಗಿ ಗೆದ್ದ. ದೊಡ್ಡ ಓಟದಲ್ಲಿ ಬುದ್ಧಿಗೂ ಕೆಲಸವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಒಂದೇಮಾತು:
ಊರೂರು ಸುತ್ತಿ ನಾಟಕವಾಡಿದವನನ್ನು ಒಂದೇ ಕೈಸನ್ನೆಯ ನಾಟಕದಲ್ಲಿ ಸೋಲಿಸಿದರೇ! ಭಲೇ.

ಡಿಯರ್‌ಬಾರ್ನ್‌ವಾಸಿ:
ಡಿ ಪಾಲ್ಮಾನನ್ನು ಅಮೆರಿಕ ಮರೆತಿದೆ ಎಂಬುದನ್ನು ಮಾತ್ರ ಒಪ್ಪಲಾರೆ. ಇಂಡಿಯಾನಾಪೊಲಿಸ್‌ನ ಸಂಗ್ರಹಾಲಯಕ್ಕೆ ಹೋದರೆ ಆತನ 1912ರ ಕಥೆಯನ್ನು ಹೇಳದವರಿಲ್ಲ. 200 ಸುತ್ತುಗಳಲ್ಲಿ 196 ಸುತ್ತು ಮುಂದಿದ್ದ ಕಾರಿನ ಎಂಜಿನ್ನಿನ ಒಳಗಿನ ಕನೆಕ್ಟಿಂಗ್ ರಾಡ್ ಎಂಬ ಸಲಾಕೆ ಕೊನೆಯ ಘಟ್ಟದಲ್ಲಿ ಮುರಿಯಿತು. ಆತನೂ ಮೆಕ್ಯಾನಿಕ್ ರೂಪರ್ಟ್ ಜೆಫ್ಕಿನ್ಸ್‌ನೂ ಕೆಳಗಿಳಿದು ಕಾರನ್ನು ತಳ್ಳಿಕೊಂಡು ಬಂದರು, ಅಷ್ಟರಲ್ಲಿ ಜೋ ಡಾಸನ್ ಗೆದ್ದಾಗಿತ್ತು. 1915ರಲ್ಲಿ ಡಿ ಪಾಲ್ಮಾ ಗೆದ್ದ. ಆದರೂ ಜನ ಕೇಳುವುದು ತಳ್ಳಿದ ಕಥೆಯನ್ನೇ.

ಗ್ಯಾರೇಜಣ್ಣ:
ಕಾರುಗಳ ವಿಚಾರಕ್ಕೆ ಬನ್ನಿ, ಅಲ್ಲಿ ಓಲ್ಡ್‌ಫೀಲ್ಡ್‌ನ ಆಯ್ಕೆಗಳನ್ನು ಯಾರೂ ಸರಿಯಾಗಿ ಗಮನಿಸುವುದಿಲ್ಲ. 1916ರಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿ ದಾಟಿದ ಮೊದಲ ಸುತ್ತು ಆತನದು, 102.6 ಮೈಲಿ. ಓಡಿಸಿದ್ದು ಜೆ. ವಾಲ್ಟರ್ ಕ್ರಿಸ್ಟಿ ಕಟ್ಟಿದ್ದ, ಮುಂದಿನ ಚಕ್ರಗಳಿಂದ ಎಳೆಯುವ ವಿಚಿತ್ರ ಕಾರನ್ನು. ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುವ ಈ ಜೋಡಣೆ ಈಗ ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿದೆ, ಆಗ ಅದನ್ನು ಓಡಿಸಲು ಚಾಲಕರು ಹೆದರುತ್ತಿದ್ದರು. ಇದೇ ಕ್ರಿಸ್ಟಿ ಮುಂದೆ ಟ್ಯಾಂಕುಗಳಿಗೆ ರೂಪಿಸಿದ ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗ್ ಜೋಡಣೆ) ಸೋವಿಯತ್‌ನ ಟಿ-34 ಟ್ಯಾಂಕಿನವರೆಗೂ ಹೋಯಿತು, ಅದು ಬೇರೆಯೇ ಕಥೆ.

ಮರುವರ್ಷದ ‘ಗೋಲ್ಡನ್ ಸಬ್‌ಮರೀನ್’ ಇನ್ನೂ ಮುಖ್ಯ. 1916ರ ಏಪ್ರಿಲ್‌ನಲ್ಲಿ ಗೆಳೆಯ ಬಾಬ್ ಬರ್ಮನ್ ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ತೆರೆದ ಕಾರಿನ ಅಪಘಾತದಲ್ಲಿ ಸತ್ತ. ಕಾರು ಉರುಳಿದರೂ ಚಾಲಕ ಬದುಕುವಂಥ ಮುಚ್ಚಿದ ಕಾರು ಬೇಕೆಂದು ಓಲ್ಡ್‌ಫೀಲ್ಡ್ ಹ್ಯಾರಿ ಮಿಲ್ಲರ್‌ನ ಬಳಿಗೆ ಹೋದ. ಮಿಲ್ಲರ್ ಎಂದರೆ ಮುಂದೆ ಇಂಡಿಯಾನಾಪೊಲಿಸ್‌ನ ಎಂಜಿನ್‌ಗಳಿಗೆ ದಶಕಗಳ ಕಾಲ ದಾರಿ ಹಾಕಿದ ಕುಶಲಿ. ಮೊಟ್ಟೆಯಾಕಾರದ, ಬಂಗಾರದ ಬಣ್ಣ ಬಳಿದ, ತಲೆಯ ಮೇಲೂ ಮುಚ್ಚಿದ ಮೈ. ಒಳಗೆ ಚಾಲಕನ ಸುತ್ತ ಉಕ್ಕಿನ ಚೌಕಟ್ಟು. ಅಲ್ಯೂಮಿನಿಯಂ ಬಳಸಿದ ಹಗುರವಾದ ಎಂಜಿನ್. ಗಾಳಿಯನ್ನು ಸೀಳುವ ಆಕಾರ ಮತ್ತು ಚಾಲಕನ ರಕ್ಷಣೆ ಎರಡನ್ನೂ 1917ರಲ್ಲಿ ಒಂದೇ ಕಾರಿನಲ್ಲಿ ಯೋಚಿಸಿದ್ದರು. ಆ ವರ್ಷವೇ ಡಿ ಪಾಲ್ಮಾನ ಪ್ಯಾಕಾರ್ಡ್ ಜೊತೆ ಅದರ ಪಂದ್ಯಗಳೂ ನಡೆದವು. ಅಪಘಾತವೊಂದರಲ್ಲಿ ಕಾರು ನೀರಿಗೆ ಬಿದ್ದು ಒಳಗಿನಿಂದ ಹೊರಬರುವುದೇ ಕಷ್ಟವಾದ ಮೇಲೆ ಮೇಲಿನ ಮುಚ್ಚಳವನ್ನು ಕತ್ತರಿಸಿ ತೆಗೆಸಿದ. ಸಬ್‌ಮರೀನ್ ಎಂಬ ಹೆಸರಿಟ್ಟವರು ಇದನ್ನು ನಿರೀಕ್ಷಿಸಿರಲಿಕ್ಕಿಲ್ಲ.

ಇತಿಹಾಸಪ್ರಿಯೆ:
ಗ್ಯಾರೇಜಣ್ಣನವರ ಈ ಬರಹಕ್ಕೆ ನನ್ನ ಪೂರ್ಣ ಮೆಚ್ಚುಗೆ. ಹದಿನೈದು ವರ್ಷ ಪ್ರೇಕ್ಷಕರ ಮತ್ತು ಚಾಲಕರ ಸಾವುಗಳನ್ನು ಕಂಡವನು ಕೊನೆಗಾದರೂ ಸುರಕ್ಷತೆಗೆ ದುಡ್ಡು ಸುರಿದ ಎಂಬುದನ್ನು ಆತನ ಖಾತೆಗೆ ಜಮಾ ಮಾಡುತ್ತೇನೆ. ಪ್ರೇಕ್ಷಕರ ಬೇಲಿಗೆ ಮಾತ್ರ ಯಾರೂ ಏನೂ ಮಾಡಲಿಲ್ಲ.

ಪ್ರಚಾರದ ಪಟ್ಟಿಗೆ ಇನ್ನೆರಡು ಸೇರಿಸಿ. 1906ರಲ್ಲಿ ಬ್ರಾಡ್‌ವೇ ರಂಗದ ಮೇಲೆ, ಉರುಳುವ ಪಟ್ಟಿಯ ಮೇಲೆ ಗ್ರೀನ್ ಡ್ರ್ಯಾಗನ್ ಓಡಿಸಿ ನಟಿಸಿದ. 1913ರಲ್ಲಿ ಮ್ಯಾಕ್ ಸೆನೆಟ್‌ನ ಮೂಕಿ ಹಾಸ್ಯಚಿತ್ರದಲ್ಲಿ, ರೈಲು ಹಳಿಗೆ ಕಟ್ಟಿಹಾಕಿದ ಮೇಬಲ್ ನಾರ್ಮಂಡ್‌ಳನ್ನು ಬಿಡಿಸಲು ಕಾರಿನಲ್ಲಿ ರೈಲನ್ನು ಹಿಂದಿಕ್ಕಿದ. ವಿಮಾನ ಸಾಹಸಿ ಲಿಂಕನ್ ಬೀಚಿ ತಲೆಯ ಮೇಲೆ ಹಾರುತ್ತಿರುವಾಗ ಕೆಳಗೆ ಕಾರು ಓಡಿಸುವ ಪಂದ್ಯಗಳು ಬೇರೆ.

ಮಲೆನಾಡಿಗ:
1918ರಲ್ಲಿ ಓಟ ಬಿಟ್ಟ ಮೇಲೆ ಏನು ಮಾಡಿದ? ಫೋರ್ಡ್‌ನಂತೆ ಶ್ರೀಮಂತನಾದನೇ?

ಹಳೆಬಂಡಿ:
‘ನೀನು ನನ್ನನ್ನು ಬೆಳೆಸಿದೆ, ನಾನು ನಿನ್ನನ್ನು ಬೆಳೆಸಿದೆ, ಆದರೆ ನನ್ನ ಕೆಲಸವೇ ಹೆಚ್ಚು ಚೆನ್ನಾಗಿ ಆಯಿತು’ ಎಂಬರ್ಥದ ಮಾತನ್ನು ಫೋರ್ಡ್‌ಗೆ ಹೇಳಿದ ಎಂಬ ಕಥೆ ಓಲ್ಡ್‌ಫೀಲ್ಡ್‌ನ ಹೆಸರಿನಲ್ಲಿ ಓಡಾಡುತ್ತಿದೆ. ಫೋರ್ಡ್ ಕಂಪನಿ 1903ರ ಜೂನ್ 16ರಂದು ನೋಂದಣಿಯಾಯಿತು, ನಾಲ್ಕೇ ದಿನಗಳ ನಂತರ ಈತ ಇಂಡಿಯಾನಾಪೊಲಿಸ್‌ನಲ್ಲಿ ನಿಮಿಷಕ್ಕೊಂದು ಮೈಲಿ ಓಡಿಸಿದ; ಆ ಪ್ರಚಾರಕ್ಕೆ ಫೋರ್ಡ್ ಬೆಲೆ ಕಟ್ಟಿದ್ದರೆ ಎಷ್ಟಾಗುತ್ತಿತ್ತೋ.

‘ಫೈರ್‌ಸ್ಟೋನ್ ಟೈರುಗಳೇ ನನ್ನ ಏಕೈಕ ಜೀವವಿಮೆ’ ಎಂಬ ಜಾಹೀರಾತು ಆತನ ಕಾರುಗಳ ಮೇಲೇ ಇರುತ್ತಿತ್ತು. ನಿವೃತ್ತಿಯ ನಂತರ ತನ್ನದೇ ಹೆಸರಿನ ಟೈರುಗಳನ್ನು ಫೈರ್‌ಸ್ಟೋನ್‌ನ ನೆರವಿನಿಂದ ಮಾರುಕಟ್ಟೆಗೆ ತಂದ. 1920ರ ಇಂಡಿಯಾನಾಪೊಲಿಸ್ 500ನ್ನು ಗಾಸ್ಟನ್ ಶೆವ್ರೊಲೆ ಓಲ್ಡ್‌ಫೀಲ್ಡ್ ಟೈರುಗಳ ಮೇಲೆ, ಒಂದು ಟೈರನ್ನೂ ಬದಲಿಸದೆ ಗೆದ್ದ. ಮುಂದೆ ಆ ಕಂಪನಿ ಫೈರ್‌ಸ್ಟೋನ್‌ನ ಕೈ ಸೇರಿತು. ಸಂಪಾದಿಸಿದ ದುಡ್ಡಿನಲ್ಲಿ ದೊಡ್ಡ ಪಾಲು 1929ರ ಷೇರುಪೇಟೆಯ ಕುಸಿತದಲ್ಲಿ ಹೋಯಿತು. 1946ರ ಅಕ್ಟೋಬರ್‌ನಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡ.

ರೈತಮಗ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. 1933ರ ಟ್ರಾಕ್ಟರ್ ಪ್ರಸಂಗವನ್ನು ಯಾರೂ ಎತ್ತದ ಕಾರಣ ಬರೆಯಬೇಕಾಯಿತು. ಆಗ ಟ್ರಾಕ್ಟರ್ ಎಂದರೆ ಮುಳ್ಳುಹಲ್ಲಿನ ಕಬ್ಬಿಣದ ಚಕ್ರ. ಅಲಿಸ್-ಚಾಮರ್ಸ್ ಕಂಪನಿ ಫೈರ್‌ಸ್ಟೋನ್ ಜೊತೆ ಸೇರಿ ಗಾಳಿ ತುಂಬಿದ ರಬ್ಬರ್ ಟೈರಿನ ಟ್ರಾಕ್ಟರ್ ತಂದಾಗ, ಉಳುವ ಹೊಲದಲ್ಲಿ ರಬ್ಬರ್ ನಿಲ್ಲುತ್ತದೆಯೇ ಎಂದು ರೈತರು ನಂಬಲಿಲ್ಲ. ಕಂಪನಿಯವರು ಹೆಸರಾಂತ ಓಟಗಾರರನ್ನು ಕರೆತಂದು ಜಾತ್ರೆ ಮೈದಾನಗಳಲ್ಲಿ ಟ್ರಾಕ್ಟರ್ ಓಟಗಳನ್ನು ಏರ್ಪಡಿಸಿದರು. ಡಲ್ಲಾಸ್‌ನಲ್ಲಿ 55 ವರ್ಷದ ಓಲ್ಡ್‌ಫೀಲ್ಡ್ ಟ್ರಾಕ್ಟರನ್ನು ಗಂಟೆಗೆ 64 ಮೈಲಿಗೂ ಹೆಚ್ಚು ವೇಗದಲ್ಲಿ, ಅಂದರೆ ನೂರು ಕಿಲೋಮೀಟರ್ ದಾಟಿಸಿ ಓಡಿಸಿದ. ನಮ್ಮ ಮನೆಯ ಟ್ರಾಕ್ಟರನ್ನು ಮೂವತ್ತರಲ್ಲಿ ಓಡಿಸಿದರೇ ಸೊಂಟ ಕಳಚಿ ಕೈಗೆ ಬರುತ್ತದೆ, ಆದ್ದರಿಂದ ಆ ಮನುಷ್ಯನಿಗೆ ನನ್ನ ಸಾಷ್ಟಾಂಗ.

ಗ್ಯಾರೇಜಣ್ಣ:
ಅದು ಅಂಗಡಿಯಲ್ಲಿ ಸಿಗುವ ಟ್ರಾಕ್ಟರ್ ಅಲ್ಲ, ವೇಗಕ್ಕಾಗಿ ಗೇರುಗಳನ್ನು ಬದಲಿಸಿದ್ದರು.

ಇತಿಹಾಸಪ್ರಿಯೆ:
ಅಲ್ಲಿಗೆ ಅದೂ ಟೈರು ಕಂಪನಿಯ ಜಾಹೀರಾತೇ ಆಯಿತು. ಜಾತ್ರೆ ಮೈದಾನ, ಭಿತ್ತಿಪತ್ರ, ಸಿದ್ಧಪಡಿಸಿದ ಗಾಡಿ. ಮೂವತ್ತು ವರ್ಷ ಕಳೆದರೂ ಪದ್ಧತಿ ಬದಲಾಗಿಲ್ಲ.

ರೈತಮಗ:
ಜಾಹೀರಾತೇ ಇರಲಿ ಅಕ್ಕ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹೊಸ ಟ್ರಾಕ್ಟರುಗಳಲ್ಲಿ ಬಹುಪಾಲು ರಬ್ಬರ್ ಟೈರಿನ ಮೇಲೆ ಬರತೊಡಗಿದವು. ಕಬ್ಬಿಣದ ಚಕ್ರವಾದರೆ ಡಾಂಬರು ರಸ್ತೆಗೆ ಇಳಿಸುವಂತಿಲ್ಲ, ಡೀಸೆಲ್ಲೋ ಸೀಮೆಎಣ್ಣೆಯೋ ಹೆಚ್ಚು ಕುಡಿಯುತ್ತದೆ, ಕೂತವನ ಬೆನ್ನುಮೂಳೆ ಉಳಿಯುವುದಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಯಾರು ಎಷ್ಟನೆಯವರಾದರು ಎಂಬುದನ್ನು ನೀವು ಚರ್ಚಿಸಿ, ನನಗೆ ಆಸಕ್ತಿ ಇರುವುದು ಈ ಟೈರಿನಲ್ಲಿ. ಆ ಟ್ರಾಕ್ಟರಿಗೆ ಹಾಕಿದ ಗೇರುಗಳ ವಿವರ ಗ್ಯಾರೇಜಣ್ಣನವರ ಬಳಿ ಇದ್ದರೆ ದಯವಿಟ್ಟು ಬೇರೆ ಎಳೆಯಲ್ಲಿ ಬರೆಯಿರಿ, ನಮ್ಮ ಕಡೆಯ ಇಬ್ಬರು ಮೂವರು ಕಾಯುತ್ತಿದ್ದಾರೆ.